ಬಾಡಿಗೆ ಮನೆಯ ಶೃಂಗಾರ

(ಚತುರ್ಥಿಗೆ ಮುಂಚಿನ ರವಿವಾರ ಕಾತ್ರಜದ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಭಾಷಣದ ಅಭ್ಯಾಸವಿಲ್ಲ; ಕಲಿತದ್ದೂ ಮೆಟ್ರಿಕ್ ತನಕ. ಹಬ್ಬಕ್ಕೆ ಮನೆ ಸಿಂಗರಿಸುವ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಮ್ಮದೇ ತಪ್ಪಿನಿಂದ ಆರಂಭಿಸುತ್ತೇವೆ.

2017ರ ಚತುರ್ಥಿಗೆ ನಮ್ಮ ಒಂದೇ ಕೋಣೆಯಲ್ಲಿ ಥರ್ಮೋಕೋಲಿನ ಮಂಟಪ ತಂದು ನಿಲ್ಲಿಸಿದೆವು. ಊರಿಂದ ಬಂದ ಅವ್ವ ಗಂಟಿನಲ್ಲಿ ಒಂದು ಕೌದಿ ತಂದಿದ್ದಳು. ಕಚೇರಿಯ ಗೆಳೆಯರು ಬರುವವರಿದ್ದರು. ಹಳೆಯ ಸೀರೆಯ ತುಂಡುಗಳು ಅವರ ಕಣ್ಣಿಗೆ ಬೀಳಬಾರದೆಂದು ಕೌದಿಯನ್ನು ಟ್ರಂಕಿನ ಹಿಂದೆ ಸರಿಸಿದೆವು. ಅವ್ವ ಅದನ್ನು ಕಂಡಳು. "ತಮ್ಮಾ, ಈ ಮಂಟಪ ಎಷ್ಟು ದಿನ ಬಾಳಿಕಿ ಬರತೈತಿ?" ಎಂದಷ್ಟೇ ಕೇಳಿದಳು.

ವಿಸರ್ಜನೆಯ ಮರುದಿನ ಮಂಟಪವನ್ನು ಮುರಿದು ಕಸಕ್ಕೆ ಹಾಕಿದೆವು. ಸಂಜೆಯ ಮಳೆಗೆ ಅದರ ಬಿಳಿ ಕಾಳುಗಳು ಗಟಾರದಲ್ಲಿ ತೇಲಿ ಹಳ್ಳದ ಕಡೆ ಹೋದವು. ಕೊಟ್ಟ ಹಣವನ್ನು ಖರ್ಚಿನ ಕಡೆ ಬರೆದೆವು. ಹಳ್ಳಕ್ಕೆ ಹೋದದ್ದನ್ನು ಯಾವ ಖಾತೆಗೆ ಬರೆಯಬೇಕೋ ತಿಳಿಯಲಿಲ್ಲ.

18ನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರು ಇದೇ ಕಾತ್ರಜದ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ಪುಣೆಯ ಪೇಟೆಗೆ ನೀರು ಒಯ್ದರು. ಈ ಕಡೆಯಿಂದಲೇ ಹರಿಯುವ ಅಂಬಿಲ್ ಓಢಾ 2019ರ ಸೆಪ್ಟೆಂಬರ್ 25ರ ರಾತ್ರಿ ಉಕ್ಕಿ, ದಂಡೆಯ ವಸತಿಗಳಲ್ಲಿ ಜನ ಸತ್ತರು. ಭಾರಿ ಮಳೆ ಬಂತು, ಹಳ್ಳ ಇಕ್ಕಟ್ಟಾಗಿತ್ತು, ನಿಜ. ಆದರೆ ಇಕ್ಕಟ್ಟಾದ ಹಳ್ಳಕ್ಕೆ ಕೊಳೆಯದ ಕಸವನ್ನೂ ಸೇರಿಸುವುದು ಯೋಗ್ಯವೇ? ಥರ್ಮೋಕೋಲಿನ ಅಲಂಕಾರವನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿ ನಿಷೇಧಿಸಿತು.

ಹಾಗಾದರೆ ಬಾಡಿಗೆ ಕೋಣೆಗೆ ಅಂದ ಬೇಡವೇ? ಖಂಡಿತ ಬೇಕು. ಮರುವರ್ಷ ಗಣಪತಿಯ ಹಿಂದೆ ಆ ಕೌದಿಯನ್ನೇ ಕಟ್ಟಿದೆವು. ಪಕ್ಕದ ಮನೆಯ ಮರಾಠಿ ಅಜ್ಜಿ ಅದನ್ನು ಕಂಡು, "ಇದು ನಮ್ಮ ಗೋಧಡಿ!" ಎಂದು ಹೊಲಿಗೆಯ ಮೇಲೆ ಕೈಯಾಡಿಸಿದರು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಅವ್ವನೂ ಅವರೂ ಹೊತ್ತು ಮುಳುಗುವ ತನಕ ಕೂತಿದ್ದರು. ನೂಲಿನ ಸೀರೆ ಹರಿದರೆ ಕೌದಿ, ಕೌದಿ ಸವೆದರೆ ಕೂಸಿನ ಹಾಸಿಗೆ, ಅದೂ ಹರಿದರೆ ನೆಲ ಒರೆಸುವ ಅರಿವೆ. ಇಷ್ಟು ಬಾಳುವ ಶೃಂಗಾರ ಅಂಗಡಿಯಲ್ಲಿ ಸಿಕ್ಕೀತೇ?

ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು. ಕುಂಚವೋ ಪುಂಡಿ ನಾರಿನದು. ಗೋಡೆಯ ಮೇಲೆ ಬರೆಯಲು ಮಾಲಿಕರು ಒಪ್ಪದಿದ್ದರೆ ರಟ್ಟಿನ ಮೇಲೆ ಬರೆಯಿರಿ.

ಗೋಡೆ ಬಳಿಯಲು ಒಪ್ಪಿದರೆ ಸುಣ್ಣ ಬಳಿಯಿರಿ. ಗಾಳಿಯಲ್ಲಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿಯೇ ಅದು ಗಟ್ಟಿಯಾಗುತ್ತದೆ. ಎಣ್ಣೆಬಣ್ಣದ ಮೇಲೆ ಮಾತ್ರ ಅದು ನಿಲ್ಲದು. ಹಳೆಯ ಬಣ್ಣವನ್ನು ಒಣದಾಗಿ ಕೆರೆಯಬೇಡಿರಿ. ಅದರಲ್ಲಿ ಸೀಸವಿರಬಹುದು, ಧೂಳು ಮಕ್ಕಳಿಗೆ ವಿಷ. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ.

ತೋರಣದ ಮಾವಿನೆಲೆ, ಚೆಂಡುಹೂಗಳನ್ನು ಹಬ್ಬದ ಮೇಲೆ ಕುಂಡದ ಮಣ್ಣಿಗೆ ಸೇರಿಸಿದರೆ ಗೊಬ್ಬರವಾಗುತ್ತದೆ.

ಕೊನೆಗೊಂದು ವಿನಂತಿ. ಈ ವರ್ಷ ವಾಚನಾಲಯದ ಗಣಪತಿಗೆ ಏನನ್ನೂ ಕೊಳ್ಳುವುದು ಬೇಡ. ನಿಮ್ಮ ಟ್ರಂಕಿನ ಹಿಂದೆ ಸರಿಸಿಟ್ಟ ಕೌದಿಯಿದ್ದರೆ ತನ್ನಿರಿ. ಹಗ್ಗ ಕಟ್ಟಲು ನಾವು ಶನಿವಾರ ಸಂಜೆಯೇ ಬಂದಿರುತ್ತೇವೆ.