ಹಳೇ ಲ್ಯಾಪ್‌ಟಾಪ್ ತಗೊಳ್ಳೋವಾಗ ಐ7 ಸ್ಟಿಕ್ಕರ್ ನೋಡಬೇಡಿ



ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಎಲ್ಲೇ ಇರಿ, ಐಟಿಯಲ್ಲಿದ್ದೀರಿ ಅಂದ್ರೆ ಊರಿಂದ ಈ ಫೋನ್ ಬಂದೇ ಬರುತ್ತೆ. "ಅಣ್ಣಾ, ಕಾಲೇಜಿಗೆ ಲ್ಯಾಪ್‌ಟಾಪ್ ಬೇಕು. 20 ಸಾವಿರ ಇದೆ. ಯಾವ್ದು ತಗೊಳ್ಳಿ?" ಆ 20 ಸಾವಿರ ಮನೆಯವರು ಕೂಡಿಸಿಟ್ಟ ದುಡ್ಡು. ಡಿಗ್ರಿ ಮುಗಿಯೋವರೆಗೂ ಇನ್ನೊಂದು ಕೊಡಿಸೋಕೆ ಆಗಲ್ಲ. ಹಾಗಾಗಿ ನಾವು ಬಾಯಿಗೆ ಬಂದ ಮಾಡೆಲ್ ಹೇಳಿ ಫೋನ್ ಇಡೋ ಹಾಗಿಲ್ಲ.

ಈ ಬಜೆಟ್‌ಗೆ ಹೆಚ್ಚಾಗಿ ಸಿಗೋದು ಆಫೀಸ್‌ಗಳು ಬಳಸಿ ಬಿಟ್ಟ ರಿಫರ್ಬಿಶ್ಡ್ ಲ್ಯಾಪ್‌ಟಾಪ್. ನೆಹರೂ ಪ್ಲೇಸ್ ಇರಲಿ, ಲ್ಯಾಮಿಂಗ್ಟನ್ ರೋಡ್ ಇರಲಿ, ರಿಚ್ಚಿ ಸ್ಟ್ರೀಟ್ ಇರಲಿ, ಅಂಗಡಿಯವರು ಮೊದಲು ತೋರಿಸೋದು ಸ್ಟಿಕ್ಕರ್. "ಇದು ಐ5, ಇದು ಐ7, ಅದಕ್ಕೇ ರೇಟು ಜಾಸ್ತಿ." ಇವತ್ತು ನಾನು ಹೇಳಬೇಕಾದ್ದು ಒಂದೇ: ಆ ಮಾತು ನಂಬಬೇಡಿ, ಪೂರ್ತಿ ನಂಬರ್ ಓದಿ.

ಸ್ಕ್ರೀನ್ ಮೇಲೆ ಎರಡು ಇಂಟೆಲ್ ಚಿಪ್ ಇವೆ ನೋಡಿ. ಎಡಗಡೆ ಐ7-7500ಯು, 2016ರದ್ದು. 2 ಕೋರ್, 4 ಥ್ರೆಡ್, ಬೇಸ್ 2.7, ಟರ್ಬೋ 3.5 ಗಿಗಾಹರ್ಟ್ಸ್. ಬಲಗಡೆ ಐ5-8250ಯು, 2017ರದ್ದು. 4 ಕೋರ್, 8 ಥ್ರೆಡ್, ಬೇಸ್ 1.6, ಟರ್ಬೋ 3.4. ಎರಡೂ 14 ನ್ಯಾನೋಮೀಟರ್, ಎರಡರ ಟಿಡಿಪಿಯೂ 15 ವ್ಯಾಟ್. ಅಂದ್ರೆ ಒಂದೇ ವರ್ಷದಲ್ಲಿ, ಅಷ್ಟೇ ವ್ಯಾಟ್‌ನಲ್ಲಿ, ಐ5ಗೆ ಹಿಂದಿನ ಐ7ಕ್ಕಿಂತ ಎರಡು ಪಟ್ಟು ಕೋರ್ ಬಂತು.

ಅದು ಹೇಗೆ ಸಾಧ್ಯ? ಚಿಪ್ ನುಂಗೋ ಪವರ್ ಫ್ರೀಕ್ವೆನ್ಸಿ ಜೊತೆಗೂ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತೆ. ಫ್ರೀಕ್ವೆನ್ಸಿ ಇಳಿಸಿದ್ರೆ ವೋಲ್ಟೇಜೂ ಇಳಿಸಬಹುದು, ಎರಡು ಕಡೆಯಿಂದ ಉಳಿತಾಯ. ಗದ್ದೆ ಕೊಯ್ಲಿಗೆ ಇಬ್ಬರು ಏದುಸಿರು ಬಿಟ್ಟು ಕೊಯ್ಯೋ ಬದಲು ನಾಲ್ವರು ನಿಧಾನಕ್ಕೆ ಕೊಯ್ದ ಹಾಗೆ. ಬೇಸ್ 1.6 ಅಂತ ಕಂಡಾಗ "ಇದು ಸ್ಲೋ" ಅಂದ್ಕೋಬೇಡಿ. ಒಂದೇ ಕೋರ್‌ನ ಕೆಲಸ ಬಂದಾಗ ಅದು 3.4ರವರೆಗೆ ಏರುತ್ತೆ. ಕೋಡ್ ಕಂಪೈಲ್ ಮಾಡುವಾಗ, ಮೀಟಿಂಗ್ ಮತ್ತು ಬ್ರೌಸರ್ ಒಟ್ಟಿಗೆ ಓಡುವಾಗ ನಾಲ್ಕು ಕೋರಿನ ಬೆಲೆ ಗೊತ್ತಾಗುತ್ತೆ.

ಇನ್ನು ಅಕ್ಷರ. ಯು ಅಂದ್ರೆ ಇಲ್ಲಿ 15 ವ್ಯಾಟ್. ಆದ್ರೆ ಐ5-7ವೈ54 ಅಂತ ಒಂದಿದೆ, ವೈ ಅಕ್ಷರ ಮಧ್ಯದಲ್ಲಿ ಅಡಗಿ ಕೂತಿರುತ್ತೆ. ಅದು 4.5 ವ್ಯಾಟ್, ಬೇಸ್ 1.2. ಹಿಂದಿನ ತಲೆಮಾರಿನಲ್ಲಿ ಇದೇ ವರ್ಗದ ಚಿಪ್‌ಗೆ ಕೋರ್ ಎಂ5 ಅಂತಿದ್ರು, ಆಮೇಲೆ ಹೆಸರು ಐ5 ಆಯ್ತು. ತೆಳ್ಳಗಿನ, ಫ್ಯಾನ್ ಇಲ್ಲದ ಲ್ಯಾಪ್‌ಟಾಪ್‌ಗೆ ಚೆನ್ನ. ಆದ್ರೆ ತುಂಬಾ ಹೊತ್ತು ಲೋಡ್ ಬಿದ್ರೆ ಸುಸ್ತಾಗುತ್ತೆ.

ಅದಕ್ಕೂ ಕೆಳಗೆ ಸೆಲೆರಾನ್ ಎನ್4000. 6 ವ್ಯಾಟ್, 2 ಕೋರ್, 2 ಥ್ರೆಡ್. ಇದು ಆಟಮ್ ವಂಶದ್ದು. ಪಾಠದ ವಿಡಿಯೋ, ಟೈಪಿಂಗ್ ಅಷ್ಟೇ ಆದ್ರೆ ಸರಿ. ಇದರಲ್ಲಿ ಎವಿಎಕ್ಸ್ ಇಲ್ಲ. ಟೆನ್ಸರ್‌ಫ್ಲೋದ ರೆಡಿಮೇಡ್ ಪ್ಯಾಕೇಜ್ 1.6ನೇ ಆವೃತ್ತಿಯಿಂದಲೇ ಎವಿಎಕ್ಸ್ ಕೇಳುತ್ತೆ. ಮಷಿನ್ ಲರ್ನಿಂಗ್ ಕಲಿಯೋ ತಂಗಿಗೆ ಇದನ್ನ ಕೊಡಿಸಿದ್ರೆ ಇನ್‌ಸ್ಟಾಲ್ ಮಾಡಿದ ದಿನವೇ ನಿಮಗೆ ಫೋನ್ ಬರುತ್ತೆ!

ಒಂದು ತಮಾಷೆ ಕೇಳಿ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಎನ್4000 ಇದೆ, ಐ7-7500ಯು ಇಲ್ಲ. ಪಟ್ಟಿ ಇರೋದು ಬೆಂಬಲಕ್ಕೆ, ವೇಗಕ್ಕಲ್ಲ. ಆದ್ರೂ ಇದನ್ನ ತಳ್ಳಿಹಾಕೋ ಹಾಗಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8250ಯು ಪಟ್ಟಿಯಲ್ಲಿದೆ, ಹಾಗಾಗಿ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ರೂ ನಷ್ಟ ಇಲ್ಲ. ಮನೆಯಲ್ಲಿ ಈಗಾಗಲೇ 7500ಯು ಇದ್ರೆ ಎಸೀಬೇಡಿ. ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿ ಲಿನಕ್ಸ್ ಮಿಂಟ್ ಓಡಿಸಿ, ಓದೋಕೆ ಬರೆಯೋಕೆ ಧಾರಾಳ ಸಾಕು.

ಅಂಗಡಿಯಲ್ಲಿ ದುಡ್ಡು ಕೊಡೋ ಮುಂಚೆ ಮೂರು ಕೆಲಸ ಮಾಡಿ. ಒಂದು, ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಚಿಪ್‌ನ ಪೂರ್ತಿ ಹೆಸರು, ಕೋರ್ ಎಷ್ಟು ಅಂತ ನೋಡಿ. ಎರಡು, ಸಿಪಿಯುಗೆ ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಅಲ್ಲೇ ಸ್ಪೀಡ್ ಗಮನಿಸಿ. ಬೇಸ್‌ಗಿಂತ ಕೆಳಗೆ ಕುಸಿದು ಅಲ್ಲೇ ನಿಂತ್ರೆ ಫ್ಯಾನ್‌ಗೆ ಧೂಳು ಕಟ್ಟಿರಬಹುದು, ಇಲ್ಲಾ ಥರ್ಮಲ್ ಪೇಸ್ಟ್ ಒಣಗಿರಬಹುದು. ಮೂರು, ವಿಂಡೋಸ್‌ನ ಬ್ಯಾಟರಿ ರಿಪೋರ್ಟ್‌ನಲ್ಲಿ ಡಿಸೈನ್ ಕೆಪ್ಯಾಸಿಟಿ ಎಷ್ಟು, ಈಗ ಫುಲ್ ಚಾರ್ಜ್ ಎಷ್ಟು ಅಂತ ಹೋಲಿಸಿ. ಬ್ಯಾಟರಿ ಸತ್ತಿದ್ರೆ ಕಡಿಮೆ ವ್ಯಾಟ್ ಚಿಪ್ ಇದ್ದೂ ಪ್ರಯೋಜನ ಇಲ್ಲ.

ರೈಜೆನ್ ಬಗ್ಗೆ ಇನ್ನೊಂದು ವಿಡಿಯೋ ಮಾಡೋಣ. ಅಲ್ಲಿವರೆಗೂ ಊರಿಂದ ಫೋನ್ ಬಂದ್ರೆ "ಐ5ಆ, ಐ7ಆ" ಅಂತ ಕೇಳಬೇಡಿ. "ನಂಬರ್ ಪೂರ್ತಿ ಓದಿ ಹೇಳಮ್ಮಾ" ಅನ್ನಿ.