ಮೀರ್ ಸಾದಿಕ್ ಎಂದು ಯಾರನ್ನು ಕರೆಯಬೇಕು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ನಮ್ಮ ಹೆಗಡೆಕಟ್ಟಾದ ಹುಡುಗನೊಬ್ಬ ಪಕ್ಕದೂರಿನ ಕ್ರಿಕೆಟ್ ತಂಡದಲ್ಲಿ ಆಡಿದ. ಮರುದಿನ ಗೆಳೆಯರು ಅವನನ್ನು "ಮೀರ್ ಸಾದಿಕ್" ಎಂದು ಕರೆದು ಅಳಿಸಿಬಿಟ್ಟರು. ಇನ್ನೂರು ವರ್ಷ ಕಳೆದರೂ ಆ ಹೆಸರು ಬೈಗುಳವಾಗಿಯೇ ಉಳಿದಿದೆ. ಆದರೆ ಆ ಬೈಗುಳದ ಅರ್ಥವನ್ನು ನಾವು ಯೋಚಿಸಿದ್ದೇವೆಯೇ?

1799ರ ಮೇ 4. ಕಂಪನಿಯ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿತ್ತು. ಹೈದರಾಬಾದಿನ ನಿಜಾಮನ ದಂಡೂ ಅದರ ಜೊತೆಗಿತ್ತು. ಕೋಟೆಗೋಡೆ ಒಡೆದಿದ್ದ ಕಡೆ ಕಾವಲಿದ್ದ ಸೈನಿಕರನ್ನು ಸಂಬಳ ಕೊಡುವ ನೆಪದಲ್ಲಿ ದಿವಾನ ಮೀರ್ ಸಾದಿಕ್ ಹಿಂದಕ್ಕೆ ಕರೆಸಿದ ಎಂಬುದು ಜನ ಹೇಳಿಕೊಂಡು ಬಂದ ಮಾತು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದರು. ಮೀರ್ ಸಾದಿಕನನ್ನು ಮೈಸೂರಿನ ಸೈನಿಕರೇ ಕೊಂದರು. ಅದೇ ದಿನ ಸೇನಾನಿ ಸೈಯದ್ ಗಫಾರ್ ಕರ್ತವ್ಯದಲ್ಲಿದ್ದಾಗಲೇ ಗುಂಡಿಗೆ ಬಲಿಯಾದರು. ದ್ರೋಹದ ಕಳಂಕ ಹೊತ್ತವನೂ ನಿಷ್ಠೆಯಿಂದ ಪ್ರಾಣ ಕೊಟ್ಟವರೂ ಒಂದೇ ಮತದವರು. ದ್ರೋಹಕ್ಕೂ ನಿಷ್ಠೆಗೂ ಜಾತಿಯಿಲ್ಲ.

ಆ ಸೋಲಿನಿಂದ ನಮ್ಮ ಕೆನರಾ ಸೀಮೆಯೂ ಕಂಪನಿಯ ಪಾಲಾಯಿತು. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು ಕಂದಾಯ ನಿಗದಿ ಮಾಡಿದ. ಮುಂದೆ 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರು ಪರಕೀಯ ಸರ್ಕಾರಕ್ಕೆ ಕರ ಕೊಡುವುದಿಲ್ಲವೆಂದು ನಿಂತರು. ಸರ್ಕಾರ ಅವರ ಆಸ್ತಿಯನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಹರಾಜು ನಡೆಯಲು ಕೊಳ್ಳುವವರೂ ಬೇಕಲ್ಲವೇ? ಕೆಲವರು ಮುಂದೆ ಬಂದರು. ಅವರು ಕೋಟೆಯ ಬಾಗಿಲು ತೆರೆಯಲಿಲ್ಲ, ಕೋವಿ ಹಿಡಿಯಲಿಲ್ಲ. ನೆರೆಯವನ ಆಸ್ತಿಗೆ ಬೆಲೆ ಕೂಗಿದರು, ಅಷ್ಟೇ. ಆದರೆ ಅವರಿಲ್ಲದಿದ್ದರೆ ಆ ಜಪ್ತಿ ಬರೀ ಕಾಗದದ ಮೇಲಿರುತ್ತಿತ್ತು.

1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಅಂಥ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕುಳಿತರು. ಮನೆಯೊಳಗೆ ಅಡಿಗೆ, ಅಂಗಳದಲ್ಲಿ ಹಸಿವು! ಕೊಂಡವರ ಮನಸ್ಸಾಕ್ಷಿಯನ್ನು ಎಬ್ಬಿಸಲು ಅವರು ಹಿಡಿದ ದಾರಿ ಅದು. ಮುಂಬಯಿ ಪ್ರಾಂತದಲ್ಲಿ 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ, 1938ರಲ್ಲಿ, ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕಾನೂನಾಯಿತು.

ಮಕ್ಕಳೇ, ಬೇರೆ ತಂಡದಲ್ಲಿ ಆಡುವುದು ದ್ರೋಹವಲ್ಲ. ಹಿರಿಯರ ಮಾತಿಗೆ ವಿನಯದಿಂದ ಭಿನ್ನಾಭಿಪ್ರಾಯ ಹೇಳುವುದೂ ದ್ರೋಹವಲ್ಲ. ಪರರ ಆಳ್ವಿಕೆಯಲ್ಲಿ ಹೊಟ್ಟೆಪಾಡಿಗೆ ಕೂಲಿ ಮಾಡಿದವರೆಲ್ಲ ದ್ರೋಹಿಗಳೂ ಅಲ್ಲ. ಉರ್ದುವಿನಲ್ಲಿ "ಅಮಾನತ್" ಎನ್ನುತ್ತೇವೆ, ನಂಬಿ ಒಪ್ಪಿಸಿದ್ದು ಎಂದರ್ಥ. ದಿವಾನನಿಗೆ ಕೋಟೆ ಅಮಾನತ್ತಾದರೆ, ನಮಗೆ ನೆರೆಯವನ ತೋಟ ಅಮಾನತ್ತು. ಬಲಿಷ್ಠರು ಕಿತ್ತುಕೊಂಡದ್ದರಲ್ಲಿ ಪಾಲು ಕೇಳುವವನೇ ಅದಕ್ಕೆ ಎರಡು ಬಗೆಯುವವನು.

ನಾಳೆ ನಿಮ್ಮಲ್ಲೊಬ್ಬರು ಅಧಿಕಾರಿಯಾಗಬಹುದು, ವ್ಯಾಪಾರಿಯಾಗಬಹುದು. ಇನ್ನೊಬ್ಬರ ಸಂಕಟ ಅಗ್ಗದ ಬೆಲೆಗೆ ನಿಮ್ಮ ಬಾಗಿಲಿಗೆ ಬಂದೀತು. ಆಗ ಮಾವಿನಗುಂಡಿಯ ಅಂಗಳದಲ್ಲಿ ಹಸಿದು ಕುಳಿತಿದ್ದ ಆ ತಾಯಂದಿರನ್ನು ನೆನೆದು ಕೈ ಹಿಂತೆಗೆಯಿರಿ. ಮೊದಲು ಇಂದೇ ಹೋಗಿ ಆ ಕ್ರಿಕೆಟ್ ಹುಡುಗನ ಕೈ ಕುಲುಕಿ.