ರತ್ನಗಂಬಳಿಯ ಬೆನ್ನು

1893ರಲ್ಲಿ ಲಂಡನ್ನಿನ ಒಬ್ಬ ವ್ಯಾಪಾರಿಯ ಬಳಿ ಪರ್ಷಿಯಾದ ಹಳೆಯ ರತ್ನಗಂಬಳಿಯೊಂದು ಮಾರಾಟಕ್ಕಿತ್ತು. ಬೆಲೆ 2,000 ಪೌಂಡು. ಆ ಕಾಲಕ್ಕೆ ಅದು ಬೆಚ್ಚಿಬೀಳಿಸುವ ಮೊತ್ತ. ಕೊಳ್ಳಬಹುದೇ, ಬಾರದೇ ಎಂದು ನೋಡಿ ಹೇಳುವ ಹೊಣೆ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಪರವಾಗಿ ವಿಲಿಯಂ ಮಾರಿಸನಿಗೆ ಬಂದಿತು. ಮಾರಿಸ್ ನಮ್ಮಲ್ಲಿ ಹಲವರಿಗೆ ಕವಿಯಾಗಿ ಪರಿಚಿತ. ಆದರೆ ಆತ ತಾನೇ ಮಗ್ಗದ ಮುಂದೆ ಕುಳಿತವನು, ಬಣ್ಣದ ಬಾನಿಯಲ್ಲಿ ಮೊಣಕೈವರೆಗೆ ನೀಲಿಯಾದವನು. ಇಂಥವನ ಕಣ್ಣಿಗೆ ಬೆಲೆಯುಂಟು.

ಬಲ್ಲವರು ರತ್ನಗಂಬಳಿಯನ್ನು ಮೊದಲು ಮಗುಚುತ್ತಾರೆ. ಮುಂದಿನ ಉಣ್ಣೆಯ ಮೈ ಮರೆಮಾಡುವುದನ್ನೆಲ್ಲ ಬೆನ್ನು ಹೇಳಿಬಿಡುತ್ತದೆ: ಗಂಟುಗಳು ಎಷ್ಟು ಒತ್ತಾಗಿವೆ, ಎಲ್ಲಿ ಹರಿದಿತ್ತು, ಎಲ್ಲಿ ಬೇರೆ ಕೈ ಬಂದು ತೇಪೆ ಹಾಕಿತು. ತುದಿಯ ಕುಚ್ಚನ್ನೂ ನೋಡಬೇಕು. ಕೈಮಗ್ಗದ ಕೆಲಸದಲ್ಲಿ ಅದು ಹಾಸಿನ ಎಳೆಗಳದೇ ಮುಂದುವರಿಕೆ. ಹೊಲಿದು ಅಂಟಿಸಿದ್ದರೆ ಸಂಶಯ ಪಡಬೇಕು. ಗಂಟುಗಳ ಲೆಕ್ಕವೊಂದೇ ಬೆಲೆ ಕಟ್ಟುವುದಿಲ್ಲ, ಅಲೆಮಾರಿಗಳು ನೇಯ್ದ ಒರಟು ಕಂಬಳಿಯ ಚೆಲುವು ಎಷ್ಟೋ ಸಲ ಪೇಟೆಯ ನಯಗಾರಿಕೆಯನ್ನು ಮೀರುತ್ತದೆ.

ಇನ್ನು ಬಣ್ಣ. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ತರುಣ ಕೃತಕ ನೇರಳೆಯನ್ನು ಕಂಡುಹಿಡಿದ. ಮುಂದಿನ ದಶಕಗಳಲ್ಲಿ ಇಂಥ ರಾಸಾಯನಿಕ ಬಣ್ಣಗಳು ಪರ್ಷಿಯಾವನ್ನೂ ಹೊಕ್ಕವು. ಅಲ್ಲಿನ ಸರಕಾರ ನಿಷೇಧಿಸಿ ನೋಡಿತು, ತಡೆಯಲಾಗಲಿಲ್ಲ. ಉಣ್ಣೆಯನ್ನು ಬೆರಳಿಂದ ಬಿಡಿಸಿದಾಗ ತುದಿ ಬಿಳಿಚಿ ಬುಡ ಮಾತ್ರ ಕಿಡಿಕಾರುತ್ತಿದ್ದರೆ ಆ ಮೊದಲ ಕೃತಕ ಬಣ್ಣಗಳ ಗುರುತು ಅದು. ಒದ್ದೆಯ ಬಿಳಿ ಬಟ್ಟೆಗೆ ಬಣ್ಣ ಹತ್ತುವುದೂ ಒಳ್ಳೆಯ ಲಕ್ಷಣವಲ್ಲ. ಇನ್ನೊಂದು ಸ್ವಾರಸ್ಯವಿದೆ. ಹಿಂದೆ ಕಡುಗಂದು, ಕಪ್ಪು ಬಣ್ಣಗಳಿಗೆ ಕಬ್ಬಿಣದ ಅಂಶ ಬೆರೆಸುತ್ತಿದ್ದರು. ಅದು ಕಾಲಕ್ರಮದಲ್ಲಿ ಉಣ್ಣೆಯನ್ನೇ ತಿನ್ನುತ್ತದೆ. ಹಾಗಾಗಿ ನಿಜವಾಗಿ ಹಳೆಯದಾದ ಕಂಬಳಿಯಲ್ಲಿ ಕಪ್ಪು ಭಾಗ ತುಸು ತಗ್ಗಾಗಿ, ಸುತ್ತಲ ಕೆಂಪು, ನೀಲಿ ಉಬ್ಬಿದಂತೆ ಕೈಗೆ ಸಿಗುತ್ತದೆ. ಚಹಾದ ನೀರಿನಲ್ಲಿ ಅದ್ದಿ ಮುಪ್ಪು ತರಿಸುವವರಿಗೆ ಈ ತಗ್ಗು ಅಷ್ಟು ಸುಲಭವಾಗಿ ಬಾರದು.

ನೇಯ್ದ ತಾರೀಖನ್ನೂ ಕಣ್ಣುಮುಚ್ಚಿ ನಂಬಲಾಗದು. ಹಿಜರಿ 1318 ಎಂದರೆ ನಮ್ಮ 1900ರ ಸುಮಾರು. ಪರ್ಷಿಯನ್ ಲಿಪಿಯ ಮೂರಕ್ಕೂ ಎರಡಕ್ಕೂ ಇರುವುದು ಒಂದು ಹಲ್ಲಿನ ವ್ಯತ್ಯಾಸ. ನಾಲ್ಕಾರು ಗಂಟು ಕಿತ್ತು ಬೇರೆ ಬಣ್ಣ ಕಟ್ಟಿದರೆ ಅದೇ ಕಂಬಳಿ 1218ರದಾಗಿ, ಒಂದು ನೂರು ವರ್ಷ ಹಿಂದೆ ಸರಿಯುತ್ತದೆ!

ಮಾರಿಸ್ ನೋಡಿದ ಕಂಬಳಿಯ ತಾರೀಖಿಗೆ ಅಂಥ ಕಳಂಕವಿರಲಿಲ್ಲ. ಅರ್ದಬೀಲಿನ ಸೂಫಿ ಸಂತರ ದರ್ಗಾದಿಂದ ಬಂದದ್ದು. ಆಸ್ಥಾನದ ದಾಸನಾದ ಕಾಶಾನದ ಮಕ್ಸೂದನ ಕೃತಿ, 946 ಎಂದು ಅದರಲ್ಲೇ ನೇಯ್ದಿದೆ. ನಮ್ಮ ಲೆಕ್ಕಕ್ಕೆ 1539-40. ರೇಷ್ಮೆಯ ಹಾಸು ಹೊಕ್ಕು, ಉಣ್ಣೆಯ ಗಂಟು. ಚದರ ಅಂಗುಲಕ್ಕೆ ಸುಮಾರು 340. ಉದ್ದ ಹತ್ತು ಮೀಟರಿಗೂ ಹೆಚ್ಚು. ವಿನ್ಯಾಸದಲ್ಲಿ ಕ್ಷಮೆ ಕೇಳಬೇಕಾದದ್ದು ಏನೂ ಇಲ್ಲವೆಂಬ ಅರ್ಥದಲ್ಲಿ ಮಾರಿಸ್ ವರದಿ ಕೊಟ್ಟ. ವಸ್ತುಸಂಗ್ರಹಾಲಯ ದಾನಿಗಳ ನೆರವಿನಿಂದ ಅದನ್ನು ಕೊಂಡಿತು.

ಕೊಂಡವರಿಗೆ ತಿಳಿಸದೆ ಉಳಿಸಿದ್ದು ಒಂದಿತ್ತು. ಅರ್ದಬೀಲಿನಿಂದ ಬಂದ ಕಂಬಳಿ ಒಂದಲ್ಲ, ಜೋಡಿ. ಎರಡೂ ಜೀರ್ಣವಾಗಿದ್ದುದರಿಂದ ಒಂದನ್ನು ಕತ್ತರಿಸಿ ಇನ್ನೊಂದರ ಗಾಯ ಮುಚ್ಚಿದ್ದರು. ಉಳಿದ ಕಂಬಳಿ ಗುಟ್ಟಾಗಿ ಅಮೆರಿಕದ ಸಿರಿವಂತನೊಬ್ಬನ ಮನೆ ಸೇರಿತು.

ಹಾಗಾದರೆ ಮಾರಿಸ್ ಸೋತನೇ? ನನಗೆ ಹಾಗೆನ್ನಿಸದು. ಅವನು ಚಿತ್ತಾರಕ್ಕೆ ಬೆಲೆ ಕಟ್ಟಿದ. ಅದು ಇಂದಿಗೂ ಕೆಟ್ಟಿಲ್ಲ. ಆದರೆ ಜೊತೆಯ ಕಂಬಳಿಯನ್ನು ಕೊಯ್ದು ಇದನ್ನು ಪೂರ್ಣವಾಗಿಸಿದ್ದರೆಂದು ತಿಳಿದಿದ್ದರೆ ಅವನ ಲೇಖನಿ ಒಂದು ಕ್ಷಣ ತಡೆಯುತ್ತಿತ್ತೇನೋ. ಜೀರ್ಣ ಕಟ್ಟಡಗಳನ್ನು ಹೊಸದಾಗಿ ಕಾಣುವಂತೆ ತಿದ್ದುವುದನ್ನು ಬಲವಾಗಿ ವಿರೋಧಿಸಿ 1877ರಲ್ಲಿ ಸಂಘವನ್ನೇ ಕಟ್ಟಿದವನು ಅವನು.

ಲಂಡನ್ನಿನ ಕಂಬಳಿಯನ್ನು 2006ರಲ್ಲಿ ಗಾಜಿನ ಆವರಣದೊಳಗೆ ನೆಲದ ಮೇಲೆ ಹಾಸಿದರು. ಬಣ್ಣ ಮಾಸದಂತೆ ಗಂಟೆಗೆ ಎರಡು ಸಲ, ಹತ್ತು ಹತ್ತು ನಿಮಿಷ ಮಾತ್ರ ದೀಪ ಬೆಳಗುವ ಏರ್ಪಾಟು ಮಾಡಿದರು. ಇನ್ನೊಂದನ್ನು 1953ರಲ್ಲಿ ಪಾಲ್ ಗೆಟ್ಟಿ ಲಾಸ್ ಏಂಜಲೀಸಿನ ಸಂಗ್ರಹಾಲಯಕ್ಕೆ ದಾನವಿತ್ತರು. ಅದಕ್ಕೆ ಅಂಚಿಲ್ಲ. ನಡುವಿನ ಹೂಬಳ್ಳಿಯಲ್ಲೂ ಕೆಲಭಾಗವಿಲ್ಲ.